ಶ್ರಮಜೀವಿಯ ಮುಪ್ಪು ಮತ್ತು ಉಳಿತಾಯ

‘ನಿವೃತ್ತಿ’ ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಒಂದು ಅರ್ಥವಿದೆ, ಸರಕಾರಿ ಕಚೇರಿಗಳಲ್ಲಿ ಇನ್ನೊಂದು ಅರ್ಥವಿದೆ. ಪ್ರವೃತ್ತಿಗೆ ಪ್ರತಿಯಾದ ನಿವೃತ್ತಿಯೆಂದರೆ ಲೌಕಿಕ ವ್ಯವಹಾರಗಳಿಂದ ಮನಸ್ಸನ್ನು ತಾನಾಗಿ ಹಿಂದೆಗೆದುಕೊಳ್ಳುವುದು. ಕಚೇರಿಯ ನಿವೃತ್ತಿಯೆಂದರೆ ಗೊತ್ತಾದ ವಯಸ್ಸಿನಲ್ಲಿ, ಗೊತ್ತಾದ ದಿನದಂದು, ಮುಂದಿನ ಜೀವನಕ್ಕೆ ಗೊತ್ತಾದ ಆಧಾರವೊಂದನ್ನು ಪಡೆದು ಕೆಲಸದಿಂದ ಬಿಡುಗಡೆ ಹೊಂದುವುದು. ಗಾರೆ ಕೆಲಸದವನಿಗೆ, ಬೀಡಿ ಕಟ್ಟುವವಳಿಗೆ, ಹೊಲಿಗೆ ಯಂತ್ರದ ಮುಂದೆ ಹಗಲೆಲ್ಲ ಕುಳಿತು ದುಡಿಯುವ ಹೆಣ್ಣುಮಗಳಿಗೆ ಈ ಎರಡು ಅರ್ಥಗಳಲ್ಲಿ ಯಾವುದೂ ಒದಗುವುದಿಲ್ಲ. ಕಣ್ಣು ಮಂಜಾಗಿ, ಸೊಂಟ ಬಾಗಿ, ಕೈ ನಡುಗತೊಡಗಿದಾಗ ಕೆಲಸವೇ ಅವರನ್ನು ಬಿಟ್ಟುಹೋಗುತ್ತದೆ. ಆ ದಿನ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಆ ದಿನದ ನಂತರದ ಊಟ ಎಲ್ಲಿಂದ ಬರಬೇಕೆಂಬುದೂ ತಿಳಿದಿರುವುದಿಲ್ಲ.

ಇಂಥವರ ಮುಪ್ಪಿಗೆ ಆಧಾರವೇನೆಂದು ಕೇಳಿದರೆ, ದುಡಿಯುವ ಕಾಲದಲ್ಲಿ ನಾಲ್ಕು ಕಾಸು ಕೂಡಿಡಬೇಕಿತ್ತು ಎಂಬ ಉತ್ತರ ಸುಲಭವಾಗಿ ಬರುತ್ತದೆ. ಈ ಮಾತಿನಲ್ಲಿ ಉಪದೇಶವಿದೆಯೇ ಹೊರತು ವಿಚಾರವಿಲ್ಲ. ಬಡವರು ಉಳಿಸುವುದೇ ಇಲ್ಲವೆಂಬುದು ವಸ್ತುಸ್ಥಿತಿಗೆ ದೂರವಾದುದು. ಬೀದಿಯ ಹೆಂಗಸರು ಸೇರಿ ಕಟ್ಟುವ ಚೀಟಿ, ಸ್ವಸಹಾಯ ಸಂಘದ ವಾರದ ಕಂತು, ಹಬ್ಬಕ್ಕೊಮ್ಮೆ ಕೊಳ್ಳುವ ಗುಂಜಿ ತೂಕದ ಚಿನ್ನ, ಹಿತ್ತಲಿನಲ್ಲಿ ಸಾಕುವ ಕುರಿ, ಮಕ್ಕಳ ಶಾಲೆಗೆ ಕಟ್ಟುವ ಹಣ, ಇವೆಲ್ಲವೂ ಉಳಿತಾಯದ ರೂಪಗಳೇ. ಆದುದರಿಂದ ಶ್ರಮಜೀವಿಯು ಏಕೆ ಉಳಿಸುವುದಿಲ್ಲ ಎಂದು ಕೇಳುವುದಕ್ಕಿಂತ, ಅವನು ಉಳಿಸಿದ್ದು ಮುಪ್ಪಿನವರೆಗೆ ಏಕೆ ಉಳಿಯುವುದಿಲ್ಲ ಎಂದು ಕೇಳುವುದು ಸರಿಯಾದೀತು.

ವೃದ್ಧಾಪ್ಯದ ರಕ್ಷಣೆಗೆ ಆಧುನಿಕ ರಾಷ್ಟ್ರಗಳು ಹಿಡಿದ ಮಾರ್ಗಗಳು ಮುಖ್ಯವಾಗಿ ಎರಡು. ಜರ್ಮನಿಯು ೧೮೮೯ರಲ್ಲಿ, ಬಿಸ್ಮಾರ್ಕನ ಆಡಳಿತದಲ್ಲಿ, ಕಾರ್ಮಿಕನೂ ಮಾಲೀಕನೂ ಕೂಡಿ ಹಣ ತೆರುವ, ಸರಕಾರವೂ ಅದಕ್ಕೆ ತನ್ನ ಪಾಲನ್ನು ಸೇರಿಸುವ ವಿಮಾ ಪದ್ಧತಿಯನ್ನು ತಂದಿತು. ೭೦ ವರ್ಷ ತುಂಬಿದವರಿಗೆ ಅದರಿಂದ ವೇತನ ಸಲ್ಲುತ್ತಿತ್ತು. ಬ್ರಿಟನ್ನು ೧೯೦೮ರ ಕಾನೂನಿನ ಮೂಲಕ, ಯಾವ ಕಂತನ್ನೂ ಕೇಳದೆ, ೭೦ ದಾಟಿದ ಬಡ ವೃದ್ಧರಿಗೆ ವಾರಕ್ಕೆ ಗರಿಷ್ಠ ಐದು ಷಿಲಿಂಗ್‌ಗಳನ್ನು ಬೊಕ್ಕಸದಿಂದಲೇ ಕೊಡಲು ನಿರ್ಧರಿಸಿತು. ಮೊದಲನೆಯದರಲ್ಲಿ ದುಡಿದವನ ಕಂತಿಗೆ ಪ್ರತಿಫಲವಿದೆ; ಎರಡನೆಯದರಲ್ಲಿ ಸಮಾಜದ ಹೊಣೆಯ ಅಂಗೀಕಾರವಿದೆ. ಸ್ವತಂತ್ರ ಭಾರತವು ಕಾರ್ಖಾನೆಯ ಕಾರ್ಮಿಕರಿಗಾಗಿ ಆರಂಭದಲ್ಲಿ ಆರಿಸಿಕೊಂಡದ್ದು ಈ ಎರಡಕ್ಕೂ ತುಸು ಭಿನ್ನವಾದ ಮೂರನೆಯ ಮಾರ್ಗವನ್ನು. ಅದೇ ಭವಿಷ್ಯನಿಧಿ, ಜನರ ಬಾಯಿಯಲ್ಲಿ ಪಿ.ಎಫ್. ಇಲ್ಲಿ ಪ್ರತಿಯೊಬ್ಬನ ಹೆಸರಿನಲ್ಲಿಯೂ ಬೇರೆಬೇರೆ ಖಾತೆ ಇರುತ್ತದೆ. ಕೂಡಿದ ಹಣವೂ ಅದರ ಬಡ್ಡಿಯೂ ಅವನವೇ.

೧೯೫೧ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ೧೯೫೨ರಲ್ಲಿ ಅಧಿನಿಯಮವಾದ ಈ ವ್ಯವಸ್ಥೆಯು ಮೊದಲಿಗೆ ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮುಂದೆ ಅದರ ವ್ಯಾಪ್ತಿ ಹಿಗ್ಗಿ, ೨೦ ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳನ್ನು ಒಳಗೊಂಡಿತು. ೧೯೯೫ರ ನವೆಂಬರಿನಲ್ಲಿ ಪಿಂಚಣಿ ಯೋಜನೆಯೂ ಇದರೊಡನೆ ಕೂಡಿಕೊಂಡಿತು. ಹಳೆಯ ಅಧಿನಿಯಮದ ಸ್ಥಾನಕ್ಕೆ ಬಂದಿರುವ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ೨೦೨೫ರ ನವೆಂಬರ್ ೨೧ರಿಂದ ಜಾರಿಗೊಂಡಿದ್ದು, ೨೦ ಜನರ ಈ ಮಿತಿಯು ಅದರಲ್ಲಿಯೂ ಮುಂದುವರಿದಿದೆ.

ಇದರ ಕಾರ್ಯವಿಧಾನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೂಲವೇತನ ಹಾಗೂ ತುಟ್ಟಿಭತ್ಯೆ ಸೇರಿ ತಿಂಗಳಿಗೆ ೧೨,೦೦೦ ರೂಪಾಯಿ ಪಡೆಯುವ ಕಾರ್ಮಿಕಳೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಸಂಬಳದಿಂದ ಶೇಕಡ ೧೨ರಂತೆ ೧,೪೪೦ ರೂಪಾಯಿ ಕಡಿತವಾಗುತ್ತದೆ. ಮಾಲೀಕನೂ ಅಷ್ಟನ್ನೇ ತೆರುತ್ತಾನೆ. ಆದರೆ ಅವನ ಪಾಲಿನಲ್ಲಿ ಶೇಕಡ ೮.೩೩ ಪಿಂಚಣಿ ನಿಧಿಗೆ ಹೋಗಿ, ಉಳಿದ ಶೇಕಡ ೩.೬೭, ಎಂದರೆ ಸುಮಾರು ೪೪೦ ರೂಪಾಯಿ, ಅವಳ ಭವಿಷ್ಯನಿಧಿಯ ಖಾತೆಗೆ ಸೇರುತ್ತದೆ. ಹೀಗೆ ಖಾತೆಯಲ್ಲಿ ತಿಂಗಳಿಗೆ ಸುಮಾರು ೧,೮೮೦, ವರ್ಷಕ್ಕೆ ೨೨,೫೦೦ಕ್ಕೂ ಮೇಲ್ಪಟ್ಟ ಹಣ ಜಮೆಯಾಗುತ್ತದೆ. ಅದಕ್ಕೆ ಬಡ್ಡಿಯೂ ಉಂಟು. ೨೦೨೪–೨೫ನೆಯ ಸಾಲಿಗೆ ಆ ದರ ಶೇಕಡ ೮.೨೫ ಆಗಿತ್ತು. ಬ್ಯಾಂಕಿನ ಸಾಮಾನ್ಯ ಠೇವಣಿಗಳಿಗೆ ಹೋಲಿಸಿದರೆ ಇದು ಉತ್ತಮವಾದ ದರವೇ ಸರಿ. ಲೆಕ್ಕದ ಪುಸ್ತಕದಲ್ಲಿ ನೋಡಿದಾಗ ಮುಪ್ಪಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಬೇರೊಂದಿಲ್ಲ ಎನ್ನಿಸುವುದು ಸಹಜ.

ಆದರೆ ಲೆಕ್ಕದ ಪುಸ್ತಕಕ್ಕೂ ಶ್ರಮಜೀವಿಯ ಬದುಕಿಗೂ ಇರುವ ಅಂತರವು ೨೦೧೬ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಪ್ರಕಟವಾಯಿತು. ಆ ವರ್ಷದ ಫೆಬ್ರವರಿ ೧೦ರಂದು ಕೇಂದ್ರ ಕಾರ್ಮಿಕ ಸಚಿವಾಲಯವು ಒಂದು ಅಧಿಸೂಚನೆಯನ್ನು ಹೊರಡಿಸಿತ್ತು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ನಿರುದ್ಯೋಗಿಯಾಗಿ ಉಳಿದವರು ಖಾತೆಯ ಹಣವನ್ನೆಲ್ಲ ಹಿಂದಕ್ಕೆ ಪಡೆಯಬಹುದಾಗಿತ್ತು. ಹೊಸ ನಿಯಮದಂತೆ ಮಾಲೀಕನ ಪಾಲು ೫೮ ವರ್ಷ ತುಂಬುವವರೆಗೆ ಖಾತೆಯಲ್ಲಿಯೇ ಉಳಿಯಬೇಕಾಗಿತ್ತು. ಕಾರ್ಮಿಕರ ಮುಪ್ಪಿಗೆ ಹಣ ಉಳಿಯಲಿ ಎಂಬುದೇ ಇದರ ಉದ್ದೇಶವೆಂದು ಸರಕಾರ ಹೇಳಿತು. ಏಪ್ರಿಲ್ ೧೮ರ ಸೋಮವಾರ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಯಂತ್ರಗಳನ್ನು ಬಿಟ್ಟು ಹೊರಬಂದು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಯನ್ನು ತುಂಬಿಕೊಂಡರು. ಅವರಲ್ಲಿ ಬಹುಪಾಲು ಹೆಂಗಸರು. ದೊಡ್ಡ ಕಾರ್ಮಿಕ ಸಂಘವೊಂದರ ಕರೆಯಾಗಲಿ ಹೆಸರಾಂತ ನಾಯಕರ ಮುಂದಾಳುತನವಾಗಲಿ ಆ ಚಳವಳಿಗೆ ಇರಲಿಲ್ಲ. ಮರುದಿನ ಅದು ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ, ಲಾಠಿ ಪ್ರಹಾರ, ಅಶ್ರುವಾಯು ಮೊದಲಾದ ವಿಷಾದಕರ ಘಟನೆಗಳೂ ನಡೆದವು. ನಿಯಮದ ಜಾರಿಯನ್ನು ಜುಲೈ ೩೧ರವರೆಗೆ ಮುಂದೂಡುವುದಾಗಿ ಮೊದಲು ಹೇಳಿದ ಸರಕಾರವು, ಏಪ್ರಿಲ್ ೧೯ರಂದೇ ಅದನ್ನು ಪೂರ್ಣವಾಗಿ ಹಿಂದೆಗೆದುಕೊಂಡಿತು.

ಮೇಲುನೋಟಕ್ಕೆ ಇದು ವಿಚಿತ್ರವಾದ ಸಂಗತಿಯಾಗಿ ತೋರುತ್ತದೆ. ತಮ್ಮ ಮುಪ್ಪಿಗೆಂದು ಹಣವನ್ನು ಕಾಪಾಡುತ್ತೇವೆ ಎಂದವರ ವಿರುದ್ಧ ಕಾರ್ಮಿಕರು ಏಕೆ ಸಿಡಿದೆದ್ದರು? ಅವರಿಗೆ ದೂರದೃಷ್ಟಿ ಇಲ್ಲವೆಂದು ತೀರ್ಮಾನಿಸಿದವರೂ ಇದ್ದರು. ಆ ತೀರ್ಮಾನ ನ್ಯಾಯವಾದುದಲ್ಲ. ಹೊಲಿಗೆ ಕಾರ್ಖಾನೆಯ ವೇಗಕ್ಕೆ, ಗಂಟೆಗಿಷ್ಟು ಎಂದು ವಿಧಿಸಿದ ಉತ್ಪಾದನೆಯ ಗುರಿಗೆ ಹೊಂದಿಕೊಂಡು ೫೮ರವರೆಗೆ ದುಡಿಯುವವರು ತೀರ ವಿರಳ. ನಲವತ್ತರ ಆಸುಪಾಸಿನಲ್ಲಿಯೇ ಕೆಲಸ ತಪ್ಪುವವಳಿಗೆ ಕಾನೂನಿನ ಮುಪ್ಪು ಇನ್ನೂ ಹದಿನೆಂಟು ವರ್ಷ ದೂರದಲ್ಲಿರುತ್ತದೆ. ಅವಳ ದೇಹದ ಮುಪ್ಪಾದರೋ ಅಷ್ಟರಲ್ಲಿಯೇ ಆರಂಭವಾಗಿರುತ್ತದೆ.

ಇದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. ಕಡಿಮೆ ಸಂಬಳದ ಕಾರ್ಮಿಕಳಿಗೆ ಭವಿಷ್ಯನಿಧಿಯೊಂದೇ ದೊಡ್ಡ ಗಂಟು. ಕೆಲಸ ಹೋದರೆ ಮುಂದಿನ ಕೆಲಸ ಸಿಗುವವರೆಗೆ ಮನೆ ನಡೆಸುವುದು ಅದರಿಂದಲೇ. ಗಂಡನ ಕಾಯಿಲೆಗೂ, ಮಗಳ ಮದುವೆಗೂ, ಮಗನ ಕಾಲೇಜು ಶುಲ್ಕಕ್ಕೂ, ಬಾಡಿಗೆ ಮನೆಯ ಮುಂಗಡಕ್ಕೂ, ಊರಿನ ಮನೆಯ ಮಾಡು ಹೊದಿಸುವುದಕ್ಕೂ ಅದೇ ಗತಿ. ಎಲ್ಲಕ್ಕಿಂತ ಹೆಚ್ಚಾಗಿ, ಸಾಲ ತೀರಿಸುವುದಕ್ಕೆ ಅದು ಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲವೆಂದರೆ ವರ್ಷಕ್ಕೆ ಶೇಕಡ ೩೬ ಆಯಿತು. ಒಂದು ಕಡೆ ಶೇಕಡ ೩೬ರ ಸಾಲವನ್ನು ಹೊತ್ತು ಇನ್ನೊಂದು ಕಡೆ ಶೇಕಡ ೮.೨೫ರ ಉಳಿತಾಯವನ್ನು ಕಾಯುತ್ತ ಕೂಡುವುದು ಯಾವ ಅರ್ಥಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ನಿಧಿಯನ್ನು ಒಡೆದು ಸಾಲವನ್ನು ತೀರಿಸುವ ಕಾರ್ಮಿಕಳು ಲೆಕ್ಕ ತಪ್ಪಿದವಳಲ್ಲ, ಲೆಕ್ಕ ಬಲ್ಲವಳು. ೨೦೨೦ರಲ್ಲಿ ಕೊರೊನಾ ಪಿಡುಗು ಬಂದು ಕೆಲಸಗಳೆಲ್ಲ ನಿಂತಾಗ, ಮೂರು ತಿಂಗಳ ವೇತನ ಅಥವಾ ಖಾತೆಯ ಮುಕ್ಕಾಲು ಪಾಲು, ಇವೆರಡರಲ್ಲಿ ಕಡಿಮೆಯಾದುದನ್ನು ತೆಗೆದುಕೊಳ್ಳಿರೆಂದು ಸರಕಾರವೇ ಅನುಮತಿ ನೀಡಬೇಕಾಯಿತು. ಆಪತ್ಕಾಲಕ್ಕೆ ಬೇರೆ ಕೊಡವಿಲ್ಲದ ಮನೆಯಲ್ಲಿ ಮುಪ್ಪಿಗೆಂದು ತುಂಬಿಟ್ಟ ಕೊಡವನ್ನೇ ಬಗ್ಗಿಸಿಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಹಾಗೆಂದು ಹೀಗೆ ಬಗ್ಗಿಸಿಕೊಳ್ಳುವುದರಿಂದ ಆಗುವ ನಷ್ಟವನ್ನು ಅಲ್ಪವೆಂದು ಭಾವಿಸಲಾಗದು. ಮೇಲಿನ ಉದಾಹರಣೆಯ ಕಾರ್ಮಿಕಳು ೨೮ನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ, ಸಂಬಳ ಒಂದಿಷ್ಟೂ ಏರದಿದ್ದರೂ, ೫೮ರವರೆಗೆ ಹಣವನ್ನು ಮುಟ್ಟದಿದ್ದರೆ, ಇಂದಿನ ಬಡ್ಡಿಯ ದರದಂತೆ ಅವಳ ಖಾತೆಯಲ್ಲಿ ೨೬ ಲಕ್ಷ ರೂಪಾಯಿಗೂ ಮೇಲ್ಪಟ್ಟು ಕೂಡಿರುತ್ತದೆ. ಐದೈದು ವರ್ಷಕ್ಕೊಮ್ಮೆ ಖಾತೆಯನ್ನು ಬರಿದುಮಾಡುತ್ತ ಬಂದರೆ ಪ್ರತಿ ಸಲವೂ ಕೈಗೆ ಬರುವುದು ಸುಮಾರು ೧ ಲಕ್ಷ ೩೦ ಸಾವಿರ. ಕೊನೆಗೆ ಮುಪ್ಪಿನ ಪಾಲಿಗೆ ಉಳಿಯುವುದೂ ಅಷ್ಟೇ. ಉಳಿದ ಐದು ಗಂಟುಗಳು ಆಯಾ ಕಾಲದ ಕಷ್ಟಗಳಲ್ಲಿ ಕರಗಿರುತ್ತವೆ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವುದಕ್ಕೆ ದೀರ್ಘಕಾಲ ಬೇಕು. ಬಡತನವು ಕಸಿದುಕೊಳ್ಳುವುದು ಆ ದೀರ್ಘಕಾಲವನ್ನೇ.

ನಷ್ಟವು ಇಷ್ಟಕ್ಕೇ ನಿಲ್ಲುವುದಿಲ್ಲ. ಪಿಂಚಣಿ ನಿಧಿಯಿಂದ ಮಾಸಿಕ ವೇತನ ಪಡೆಯಬೇಕಾದರೆ ಒಟ್ಟು ಹತ್ತು ವರ್ಷಗಳ ಸೇವೆ ಲೆಕ್ಕದಲ್ಲಿರಬೇಕು. ಹತ್ತು ತುಂಬುವ ಮೊದಲೇ ಆ ಹಣವನ್ನೂ ಹಿಂಪಡೆದರೆ ಅಲ್ಲಿಯವರೆಗಿನ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಮೂವತ್ತು ವರ್ಷ ಕ್ರಮವಾಗಿ ದುಡಿದವಳಿಗೆ ೧೨,೦೦೦ ರೂಪಾಯಿ ಸಂಬಳದ ಮೇಲೆ ತಿಂಗಳಿಗೆ ಸುಮಾರು ೫,೪೮೦ ರೂಪಾಯಿ ಪಿಂಚಣಿ ಸಲ್ಲಬೇಕು. ಅದೇ ಮೂವತ್ತು ವರ್ಷವನ್ನು ತುಂಡು ತುಂಡಾಗಿ ದುಡಿದು, ಪ್ರತಿ ಸಲವೂ ಹಿಂಪಡೆದವಳಿಗೆ ಏನೂ ಇಲ್ಲ. ೧೯೭೨ರ ಗ್ರ್ಯಾಚುಯಿಟಿ ಕಾನೂನು ಸಾಮಾನ್ಯವಾಗಿ ಐದು ವರ್ಷಗಳ ಅವಿಚ್ಛಿನ್ನ ಸೇವೆಯನ್ನು ಬಯಸುತ್ತಿತ್ತು. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಇದು ಒಂದು ವರ್ಷಕ್ಕೆ ಇಳಿದಿದ್ದರೂ ಉಳಿದವರಿಗೆ ಐದು ವರ್ಷದ ನಿಯಮವೇ ಇದೆ. ಪಿ.ಎಫ್. ಹಣ ಕೈಗೆ ಬರಲೆಂದು ನಾಲ್ಕನೆಯ ವರ್ಷದಲ್ಲಿ ರಾಜೀನಾಮೆ ಕೊಟ್ಟು ಮತ್ತೆ ಬೇರೆ ಕಡೆ ಸೇರುವವಳು ಅದನ್ನೂ ಕಳೆದುಕೊಳ್ಳುತ್ತಾಳೆ. ಹೀಗೆ ಇಂದಿನ ಒಂದು ತೊಂದರೆಯನ್ನು ನೀಗಲು ನಾಳೆಯ ಮೂರು ಆಧಾರಗಳನ್ನು ಕೈಬಿಟ್ಟಂತಾಗುತ್ತದೆ.

ಆದುದರಿಂದ ಬೀಗ ಹಾಕಬೇಕೆಂದ ಸರಕಾರದ ವಾದದಲ್ಲಿಯೂ ಸತ್ಯವಿದೆ, ಬೀಗ ಬೇಡವೆಂದ ಕಾರ್ಮಿಕರ ಕೂಗಿನಲ್ಲಿಯೂ ಸತ್ಯವಿದೆ. ಈ ಪ್ರಶ್ನೆ ಇನ್ನೂ ಮುಗಿದಿಲ್ಲವೆಂಬುದನ್ನು ೨೦೨೫ರ ಅಕ್ಟೋಬರ್ ೧೩ರ ತೀರ್ಮಾನವು ತೋರಿಸುತ್ತದೆ. ಅಂದು ಭವಿಷ್ಯನಿಧಿಯ ಕೇಂದ್ರ ಮಂಡಳಿಯು, ಅಗತ್ಯಗಳಿಗಾಗಿ ಹಣ ತೆಗೆಯುವ ನಿಯಮಗಳನ್ನು ಸರಳಗೊಳಿಸುವುದರ ಜೊತೆಗೆ, ಖಾತೆಯ ಶೇಕಡ ೨೫ ಭಾಗವನ್ನು ಯಾವಾಗಲೂ ಉಳಿಸಿಕೊಳ್ಳಬೇಕೆಂದೂ, ಕೆಲಸ ಹೋದವರು ಪೂರ್ತಿ ಹಣವನ್ನು ಪಡೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕೆಂದೂ ನಿರ್ಧರಿಸಿತು. ಒಂದು ಭಾಗ ತೆರೆದಿರಲಿ, ಇನ್ನೊಂದು ಭಾಗ ಮುಚ್ಚಿರಲಿ ಎಂಬ ಸಮನ್ವಯದ ಪ್ರಯತ್ನವಿದು.

ಇಷ್ಟು ಹೊತ್ತು ವಿಚಾರ ಮಾಡಿದ್ದು ನಿಧಿಯ ಬಾಗಿಲಿನೊಳಗೆ ಇರುವವರ ಸ್ಥಿತಿಯನ್ನು. ಬಾಗಿಲಿನ ಹೊರಗೆ ನಿಂತವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ ೨೦೨೧ರ ಆಗಸ್ಟ್ ೨೬ರಂದು ಆರಂಭವಾದ ಇ–ಶ್ರಮ್ ವ್ಯವಸ್ಥೆಯಲ್ಲಿ ಮೂವತ್ತು ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಹೊಲದ ಕೂಲಿ, ಕಟ್ಟಡದ ಕೆಲಸ, ಮನೆಗೆಲಸ, ತಳ್ಳುಗಾಡಿಯ ವ್ಯಾಪಾರ ಇವರ ಜೀವನೋಪಾಯ. ಸಂಬಳದ ಚೀಟಿಯೇ ಇಲ್ಲದವರಿಗೆ ಸಂಬಳದಿಂದ ಕಡಿತವೆಲ್ಲಿಯದು?

ಇಂಥವರಿಗಾಗಿ ೨೦೧೫ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂದಿತು. ೧೮ರಿಂದ ೪೦ ವರ್ಷದವರು ಇದಕ್ಕೆ ಸೇರಿ, ೬೦ ತುಂಬಿದ ಮೇಲೆ ತಿಂಗಳಿಗೆ ೧,೦೦೦ದಿಂದ ೫,೦೦೦ ರೂಪಾಯಿಯವರೆಗೆ ತಾವು ಆರಿಸಿಕೊಂಡ ಪಿಂಚಣಿಯನ್ನು ಪಡೆಯಬಹುದು. ೧೮ನೆಯ ವಯಸ್ಸಿನಲ್ಲಿ ಸೇರಿದವರು ೧,೦೦೦ ರೂಪಾಯಿಯ ಪಿಂಚಣಿಗೆ ತಿಂಗಳಿಗೆ ೪೨ ರೂಪಾಯಿ ಕಟ್ಟಿದರೆ ಸಾಕು. ೪೦ರಲ್ಲಿ ಸೇರಿದವರು ಅದಕ್ಕೇ ೨೯೧ ರೂಪಾಯಿ ಕಟ್ಟಬೇಕು. ೨೦೧೯ರ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ಕಾರ್ಮಿಕನ ಕಂತಿಗೆ ಸರಿಸಮನಾಗಿ ಕೇಂದ್ರ ಸರಕಾರವೂ ಹಣ ಸೇರಿಸಿ, ೬೦ರ ನಂತರ ೩,೦೦೦ ರೂಪಾಯಿ ಕೊಡುವ ಏರ್ಪಾಡಿದೆ. ಯೋಜನೆಗಳು ಸ್ತುತ್ಯವಾದವುಗಳೇ. ಆದರೆ ಅಟಲ್ ಯೋಜನೆಗೆ ಸೇರಿದವರಲ್ಲಿ ಬಹುಪಾಲು ಜನ ಆರಿಸಿಕೊಂಡಿರುವುದು ೧,೦೦೦ ರೂಪಾಯಿಯ ಮೆಟ್ಟಿಲನ್ನೇ. ಬೆಲೆಗಳು ವರ್ಷಕ್ಕೆ ಶೇಕಡ ೬ರಂತೆ ಏರಿದರೆ ಮೂವತ್ತು ವರ್ಷಗಳ ನಂತರದ ೧,೦೦೦ ರೂಪಾಯಿಗೆ ಇಂದಿನ ೧೭೪ ರೂಪಾಯಿಯಷ್ಟು ಮಾತ್ರ ಕೊಳ್ಳುವ ಶಕ್ತಿ ಇರುತ್ತದೆ. ದಿನಗೂಲಿಯವನಿಗೆ ಮಳೆಗಾಲದ ಎರಡು ತಿಂಗಳು ಕೆಲಸವಿಲ್ಲದಿದ್ದರೆ ಕಂತು ತಪ್ಪುವುದೂ ಉಂಟು.

ಕೊನೆಯ ಆಸರೆ ಸರಕಾರದ ವೃದ್ಧಾಪ್ಯ ವೇತನ. ೧೯೯೫ರ ಆಗಸ್ಟ್ ೧೫ರಂದು ತಿಂಗಳಿಗೆ ೭೫ ರೂಪಾಯಿಯ ಕೇಂದ್ರ ನೆರವಿನೊಡನೆ ಆರಂಭವಾದ ಈ ಯೋಜನೆಯಲ್ಲಿ, ೬೦ರಿಂದ ೭೯ ವರ್ಷದ ಬಡವರಿಗೆ ಕೇಂದ್ರದ ಪಾಲು ಬಹುಕಾಲದಿಂದಲೂ ೨೦೦ ರೂಪಾಯಿಯಲ್ಲೇ ನಿಂತಿದೆ; ೮೦ ದಾಟಿದವರಿಗೆ ೫೦೦ ರೂಪಾಯಿ. ರಾಜ್ಯಗಳು ತಮ್ಮ ಪಾಲನ್ನು ಸೇರಿಸಿ ಇದನ್ನು ಹೆಚ್ಚಿಸುತ್ತವೆ. ೨೦೦೭ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು ೬೫ ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರನ್ನು ಒಳಗೊಂಡಿದ್ದು, ೨೦೨೧ರಲ್ಲಿ ಅದರ ಮೊತ್ತವನ್ನು ತಿಂಗಳಿಗೆ ೧,೨೦೦ ರೂಪಾಯಿಗೆ ಏರಿಸಲಾಯಿತು. ಅಕ್ಕಿಯು ಪಡಿತರದಲ್ಲಿ ದೊರೆತರೂ, ಮಾತ್ರೆಗೆ, ಬಟ್ಟೆಗೆ, ಬಾಡಿಗೆಗೆ ದಿನಕ್ಕೆ ನಲವತ್ತು ರೂಪಾಯಿ ಎಷ್ಟು ಒದಗೀತು ಎಂಬುದನ್ನು ವಾಚಕರೇ ಊಹಿಸಬಹುದು.

ಮಕ್ಕಳು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯು ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಅದು ಹುಸಿಯೆಂದು ಹೇಳಲಾಗದು. ತಂದೆತಾಯಿಯರ ಪೋಷಣೆಯನ್ನು ಕಾನೂನಿನ ಕರ್ತವ್ಯವನ್ನಾಗಿ ಮಾಡಿದ ಅಧಿನಿಯಮವೂ ೨೦೦೭ರಲ್ಲಿ ಬಂದಿದೆ. ಆದರೆ ದಿನಗೂಲಿಯವನ ಮಗನೂ ದಿನಗೂಲಿಯವನೇ ಆಗಿರುವಾಗ, ಕೊಡಲು ಮನಸ್ಸಿದ್ದರೂ ಕೈಯಲ್ಲಿ ಇರುವುದಿಲ್ಲ. ತಂದೆಯ ಔಷಧಿಗೆ ಹಣ ತೆತ್ತ ಮಗನು ತನ್ನ ಮುಪ್ಪಿಗೆ ಉಳಿಸಲಾರ. ಹೀಗೆ ಒಂದು ತಲೆಮಾರಿನ ಉಳಿತಾಯದ ಕೊರತೆಯು ಮುಂದಿನ ತಲೆಮಾರಿಗೆ ಸಾಲದಂತೆ ದಾಟುತ್ತದೆ.

ಇವೆಲ್ಲವುಗಳಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಮುಪ್ಪಿನ ನಿಧಿಯನ್ನು ಕಾಪಾಡಬೇಕಾದರೆ ಮೊದಲು ಮಧ್ಯವಯಸ್ಸಿನ ಆಪತ್ತುಗಳಿಗೆ ಪ್ರತ್ಯೇಕ ರಕ್ಷಣೆ ಒದಗಬೇಕು. ಕಾಯಿಲೆಗೆ ಚಿಕಿತ್ಸೆ, ನಿರುದ್ಯೋಗಕ್ಕೆ ಭತ್ಯೆ, ಅವಸರಕ್ಕೆ ನ್ಯಾಯವಾದ ಬಡ್ಡಿಯ ಸಾಲ, ಇವು ಇದ್ದರೆ ಭವಿಷ್ಯನಿಧಿಯನ್ನು ಒಡೆಯುವ ಪ್ರಸಂಗವೇ ವಿರಳವಾಗುತ್ತದೆ. ಕಾರ್ಮಿಕ ವಿಮಾ ಯೋಜನೆಯ ಸದಸ್ಯರಿಗೆಂದು ೨೦೧೮ರಲ್ಲಿ ನಿರುದ್ಯೋಗ ಭತ್ಯೆಯ ಏರ್ಪಾಡೊಂದನ್ನು ತರಲಾಯಿತು. ೨೦೨೦ರಲ್ಲಿ ಅದನ್ನು ಸರಾಸರಿ ವೇತನದ ಅರ್ಧಕ್ಕೆ ಏರಿಸಲಾಯಿತು. ಆದರೆ ಅದು ದೊರೆಯುವುದು ಹೆಚ್ಚೆಂದರೆ ತೊಂಬತ್ತು ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ. ಇಂಥ ಏರ್ಪಾಡು ವಿಸ್ತಾರಗೊಂಡಷ್ಟೂ ಮುಪ್ಪಿನ ಹಣಕ್ಕೆ ಬೀಗ ಹಾಕುವ ಕಾನೂನಿನ ಅವಶ್ಯಕತೆ ಕಡಿಮೆಯಾಗುತ್ತದೆ. ಮೊಬೈಲಿನ ಮೂಲಕ ಕೆಲಸ ಪಡೆದು ಊಟ, ಸರಕುಗಳನ್ನು ಮನೆಮನೆಗೆ ಮುಟ್ಟಿಸುವವರಿಗಾಗಿ ಕರ್ನಾಟಕವು ೨೦೨೫ರಲ್ಲಿ ಮಾಡಿದ ಕಾನೂನು, ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡ ೧ರಿಂದ ೫ರವರೆಗೆ ಕ್ಷೇಮಶುಲ್ಕವನ್ನು ಕಂಪನಿಗಳಿಂದಲೇ ಪಡೆಯುತ್ತದೆ. ಮಾಲೀಕ ಯಾರೆಂದು ಹೇಳಲಾಗದ ಕಡೆಯಲ್ಲಿಯೂ ಹೊಣೆಯನ್ನು ಗುರುತಿಸಲು ಸಾಧ್ಯವೆಂಬುದಕ್ಕೆ ಇದೊಂದು ನಿದರ್ಶನ.

ಕಾನೂನು ಮಾಡುವುದು ಸರಕಾರದ ಕೆಲಸ. ಆದರೆ ಉಳಿದವರಿಗೂ ಮಾಡಬಹುದಾದುದು ಇಲ್ಲದಿಲ್ಲ. ಕಾರ್ಖಾನೆ ಬದಲಿಸುವ ಕಾರ್ಮಿಕರು ಹಣ ಹಿಂಪಡೆಯುವ ಬದಲು, ೨೦೧೪ರಿಂದ ಬಂದಿರುವ ಏಕರೂಪದ ಖಾತೆಸಂಖ್ಯೆಯ ಮೂಲಕ ಅದನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಬಹುದು. ಹಣದ ಅವಸರವೇ ಇದ್ದರೂ, ಪಿಂಚಣಿಯ ಪಾಲನ್ನು ಮುಟ್ಟದೆ ಯೋಜನಾ ಪ್ರಮಾಣಪತ್ರವನ್ನು ಪಡೆದರೆ ದುಡಿದ ವರ್ಷಗಳು ಲೆಕ್ಕದಲ್ಲಿ ಉಳಿಯುತ್ತವೆ. ಈ ಎರಡು ಮಾತುಗಳನ್ನು ತಿಳಿಯದೆ ಪಿಂಚಣಿಯನ್ನು ಕಳೆದುಕೊಂಡವರಿದ್ದಾರೆ; ಅಕ್ಷರ ಬಲ್ಲವರು ಅವರಿಗೆ ಇದನ್ನು ತಿಳಿಸಿಕೊಟ್ಟರೆ ದೊಡ್ಡ ಉಪಕಾರವಾದೀತು. ವಿದ್ಯಾಸಂಸ್ಥೆ, ಪ್ರಸಾದನಿಲಯ, ಕಲ್ಯಾಣಮಂಟಪ, ಅಂಗಡಿಗಳ ಆಡಳಿತ ನಡೆಸುವವರು, ತಮ್ಮಲ್ಲಿ ಇಪ್ಪತ್ತು ಜನ ಇಲ್ಲವೆಂಬ ಕಾರಣದಿಂದ ಅಡಿಗೆಯವರನ್ನೂ ಕಾವಲಿನವರನ್ನೂ ನಿಧಿಯ ಹೊರಗಿಡಬೇಕಾಗಿಲ್ಲ. ಸ್ವಇಚ್ಛೆಯಿಂದ ಸೇರಲು ಕಾನೂನಿನಲ್ಲಿ ಅವಕಾಶವಿದೆ. ಮನೆಗೆಲಸಕ್ಕೆ ಬರುವ ಮೂವತ್ತು ವರ್ಷದ ಹೆಣ್ಣುಮಗಳಿಗೆ ೬೦ರ ನಂತರ ತಿಂಗಳಿಗೆ ೫,೦೦೦ ರೂಪಾಯಿ ಬರಬೇಕಾದರೆ ಅಟಲ್ ಯೋಜನೆಗೆ ಇಂದು ಕಟ್ಟಬೇಕಾದುದು ತಿಂಗಳಿಗೆ ೫೭೭ ರೂಪಾಯಿ. ಆ ಮನೆಯವರು ಅದನ್ನು ಸಂಬಳದ ಜೊತೆಗೆ ಭರಿಸುವುದು ದಾನವೆನಿಸಿಕೊಳ್ಳುವುದಿಲ್ಲ. ಮೂವತ್ತು ವರ್ಷಗಳ ದುಡಿಮೆಯಿಂದ ಬಾಗುವ ಬೆನ್ನಿಗೆ ಮುಂಗಡವಾಗಿ ಸಲ್ಲಿಸುವ ಕೂಲಿ ಅದು.